ಇಲ್ಲ ಅನ್ನದ ಗೋಡೆ

ಒಬ್ಬ ಸಭ್ಯ ಮನುಷ್ಯನ ಬಾಳು ಹಾಳಾಗಲು ಭೂಕಂಪವೇನೂ ಬೇಕಿಲ್ಲ. ಬೇರೆಯವರ ದುಡ್ಡಿನ ಪೇಪರನ್ನು ಗಟ್ಟಿಯಾಗಿ ಓದುವ ನೆರೆಯವನೊಬ್ಬ ಸಾಕು. ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದಿದ್ದ ವರದಾ ಶುಂಠಿ ವ್ಯಾಪಾರ ಸಂಸ್ಥೆಯ ಶಾಖೆಗೆ ಆ ಭಾಗ್ಯ ಗುಡ್ಡಪ್ಪನವರ ರೂಪದಲ್ಲಿ ಒದಗಿತ್ತು. ಗುಡ್ಡಪ್ಪನವರು ಕೋರ್ಟಿನ ನಿವೃತ್ತ ಅಮೀನರು. ಮೂವತ್ತೈದು ವರ್ಷ ತಾಲ್ಲೂಕಿನ ಬಾಗಿಲುಗಳಿಗೆಲ್ಲ ನೋಟೀಸು ಅಂಟಿಸಿ ಅಂಟಿಸಿ, ಕೊನೆಗೆ ತಾವೇ ನ್ಯಾಯಾಧೀಶರೆಂಬ ನಂಬಿಕೆಯನ್ನು ತಮಗೇ ಅಂಟಿಸಿಕೊಂಡಿದ್ದರು. ಪಕ್ಕದ ಮನೆಯಿಂದ ದಿನಾ ಒಂಬತ್ತಕ್ಕೆ ಸರಿಯಾಗಿ ಬಂದು, ಸಂಸ್ಥೆಯ ಪೇಪರನ್ನು ತಲೆಬರಹದಿಂದ ಮುದ್ರಕರ ವಿಳಾಸದವರೆಗೆ ಓದುವರು. ಅವರ ಕಂಠ ಕೇಳಿ ಹುಚ್ಚರಾಯನ ಕೆರೆಯ ಮೀನುಗಳು ಆಚೆ ದಡಕ್ಕೆ ವಲಸೆ ಹೋಗುತ್ತಿದ್ದವು. ಸುಳ್ಳೆನ್ನುವವರು ಈಚೆ ದಡದಲ್ಲಿ ಗಾಳ ಹಾಕಿ ನೋಡಲಿ.

ತೊಂಬತ್ತೊಂಬತ್ತನೇ ಇಸವಿಯ ಸೆಪ್ಟೆಂಬರಿನ ಒಂದು ಗುರುವಾರ ಅವರು ಏಳನೇ ಪುಟದ ಮೂಲೆಗೆ ಬಂದರು.

“ಬ್ಯಾಂಕ್ ಗುಮಾಸ್ತರ ಆಯ್ಕೆ ಪಟ್ಟಿ ಇಂಟರ್‌ನೆಟ್ಟಿನಲ್ಲಿ ಪ್ರಕಟ. ಆಯ್ಕೆಯಾದವರು ಪಟ್ಟಿಯಲ್ಲಿನ ಕ್ರಮಸಂಖ್ಯೆ ಸಮೇತ ಇಂದು ಸಂಜೆ ಐದರೊಳಗೆ ಫೋನಿನಲ್ಲಿ ಒಪ್ಪಿಗೆ ತಿಳಿಸತಕ್ಕದ್ದು. ತಪ್ಪಿದಲ್ಲಿ ಹುದ್ದೆ ಮುಂದಿನವರಿಗೆ... ಏ ರೇಣುಕಾಪ್ರಸಾದಾ, ನೀನೂ ಇದಕ್ಕೇ ಪರೀಕ್ಷೆ ಬರ್ದಿದ್ಯಲ್ಲೋ?”

ರೇಣುಕಾಪ್ರಸಾದನ ಕೈಯ ಚಹಾ ಲೋಟ ಅರ್ಧ ದಾರಿಯಲ್ಲೇ ನಿಂತಿತು. ಅವನು ಆ ಶಾಖೆಯಲ್ಲಿ ಒಂಬತ್ತು ವರ್ಷದಿಂದ ಗುಮಾಸ್ತ, ಎರಡು ವರ್ಷದಿಂದ ಕಂಪ್ಯೂಟರ್ ಆಪರೇಟರ್. ಸಂಬಳ ಮಾತ್ರ ಮೊದಲ ದಿನದ್ದೇ. ಏರಿಸಿ ಎಂದು ಕೇಳಿದಾಗಲೆಲ್ಲ ಸೊರಬದಲ್ಲಿದ್ದ ಮಾಲೀಕರು ‘ನೋಡನ’ ಎಂದಿದ್ದರು. ಒಂಬತ್ತು ವರ್ಷದಿಂದ ನೋಡುತ್ತಲೇ ಇದ್ದರು. ಬ್ಯಾಂಕ್ ಪರೀಕ್ಷೆ ಬರೆಯಲು ಇದು ಕೊನೆಯ ವಯಸ್ಸು. ಹೊರಗೆ ಹೋಗಲು ಇದೊಂದೇ ಬಾಗಿಲು; ತಪ್ಪಿದರೆ ಸಾಯುವವರೆಗೂ ಶುಂಠಿಯ ಘಾಟು.

“ಕಂಪ್ಯೂಟರ್ ಎದುರಿಗೇ ಐತಲ್ರೀ, ತೆಗೀರಿ!” ಎಂದರು ಪಕ್ಕದ ಮೇಜಿನ ಲೆಕ್ಕಪತ್ರದ ಸಾವಿತ್ರಿಬಾಯಿ. ಆಫೀಸಿನಲ್ಲಿ ಅತಿ ಚುರುಕಿನವರು ಅವರೇ. ಬೇರೆಯವರು ಯೋಚಿಸುವಷ್ಟರಲ್ಲಿ ಅವರು ಮಾಡಿಯೇ ಬಿಡುತ್ತಿದ್ದರು. ಆಮೇಲೆ ಯೋಚಿಸುವ ಕೆಲಸವನ್ನು ಬೇರೆಯವರಿಗೆ ಬಿಡುತ್ತಿದ್ದರು.

ಆ ಕಾಲದ ಇಂಟರ್‌ನೆಟ್ಟು ಈಗಿನ ಹಾಗೆ ಗಾಳಿಯಲ್ಲಿ ಬರುತ್ತಿರಲಿಲ್ಲ. ಶಿಕಾರಿಪುರದ ಕಂಪ್ಯೂಟರು ಫೋನಿನಲ್ಲಿ ಸೊರಬದ ಹೆಡ್ಡಾಫೀಸಿನ ಕಂಪ್ಯೂಟರಿಗೆ ಕೂಗಬೇಕು, ಅದು ಅಲ್ಲಿಂದ ಲೋಕಕ್ಕೆ ಕೂಗಬೇಕು. ಹಾಗೆ ಕೂಗುವ ಪೆಟ್ಟಿಗೆಯಾದ ಮೋಡೆಮ್ಮಿನ ಸದ್ದು ಹೇಗಿತ್ತೆಂದರೆ, ಕಾದ ಬಾಣಲೆಯಲ್ಲಿ ಕುಳಿತ ಬೆಕ್ಕಿಗೆ ನೆಗಡಿಯೂ ಆದಂತೆ. ಆ ಸದ್ದು ಎದ್ದ ದಿನ ಅರ್ಧ ಕೇರಿಯ ಎಮ್ಮೆಗಳು ಹಾಲು ಕೊಡುತ್ತಿರಲಿಲ್ಲ, ಉಳಿದರ್ಧ ಮೊಸರನ್ನೇ ಕೊಡುತ್ತಿದ್ದವು.

ಗೆರೆ ಸಿಕ್ಕಿತು. ರೇಣುಕಾಪ್ರಸಾದ ಬ್ರೌಸರ್ ತೆರೆದು, ಪೇಪರಿನಲ್ಲಿದ್ದ ಬ್ಯಾಂಕಿನ ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಒತ್ತಿದ. ಪರದೆಯ ಮೂಲೆಯ ಪುಟ್ಟ ಭೂಗೋಳ ತಿರುಗತೊಡಗಿತು. ತಿರುಗಿತು. ಇನ್ನೂ ತಿರುಗಿತು. ನಿಜವಾದ ಭೂಮಿ ಅಷ್ಟು ತಿರುಗಿದ್ದರೆ ಅಂದೇ ಎರಡು ಸಾವಿರನೇ ಇಸವಿ ಬಂದುಬಿಡುತ್ತಿತ್ತು.

“ಕೆಳಗೆ ಏನೋ ಬರ್ದೈತಲ್ಲ?” ಗುಡ್ಡಪ್ಪನವರು ಕನ್ನಡಕ ಏರಿಸಿದರು.

“ಕರೆದಿದೀನಿ, ಉತ್ತರಕ್ಕೆ ಕಾಯ್ತಾ ಇದೀನಿ ಅಂತ ಇಂಗ್ಲಿಷಲ್ಲಿ ಬರ್ದೈತೆ,” ಎಂದರು ಸಾವಿತ್ರಿಬಾಯಿ.

“ಕಾಯ್ಲಿ ಬಿಡು. ಲಕ್ಷಾಂತರ ಹೆಸರು. ಅದರಾಗೆ ಇವನ್ನ ಹುಡುಕ್ಬೇಕಲ್ಲ.”

ಎರಡು ನಿಮಿಷ ಕಳೆದ ಮೇಲೆ ಭೂಗೋಳ ಗಕ್ಕನೆ ನಿಂತಿತು. ಚೌಕದೊಳಗೆ ನಾಲ್ಕು ಸಾಲು ಮೂಡಿದವು. ಸಾವಿತ್ರಿಬಾಯಿ ಓದಿ ಹೇಳಿದರು: “ಆ ಕಡೆಯಿಂದ ಉತ್ತರ ಬರ್ಲಿಲ್ಲ. ಅದು ಕೆಟ್ಟಿರಬಹುದು, ಕೆಲಸದಾಗೆ ಮುಳುಗಿರಬಹುದು. ದಯವಿಟ್ಟು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಿ.”

ರೇಣುಕಾಪ್ರಸಾದನ ಮುಖ ಒಣಗಿದ ಶುಂಠಿಯಾಯಿತು. ಗುಡ್ಡಪ್ಪನವರ ಮುಖ ಮಾತ್ರ ತೇರಿನ ದೀಪದಂತೆ ಬೆಳಗಿತು.

“ಲೇ ಪೆದ್ದ, ಸರಿಯಾಗಿ ಕೇಳ್ಸಿಕೊ. ದಯವಿಟ್ಟು ಅಂದಿದಾರೆ. ಮತ್ತೆ ಬನ್ನಿ ಅಂದಿದಾರೆ. ಮೂವತ್ತೈದು ವರ್ಷ ನೋಟೀಸು ಹಂಚಿದೋನು ನಾನು. ಬ್ಯಾಡಾದೋನಿಗೆ ಯಾವನಾದ್ರೂ ದಯವಿಟ್ಟು ಮತ್ತೆ ಬಾ ಅಂತಾನೇನೋ?”

ಆಫೀಸಿನವರೆಲ್ಲ ತಲೆದೂಗಿದರು. ತರ್ಕ ಅಷ್ಟು ಗಟ್ಟಿಯಾಗಿತ್ತು.

“ಆದ್ರೆ ಸುಮ್ನೆ ಸಮಾಧಾನಕ್ಕೆ ಹಂಗೆ ಹಾಕಿರಬಹುದಲ್ರೀ,” ಎಂದ ರೇಣುಕಾಪ್ರಸಾದ.

“ಪರೀಕ್ಷೆ ಮಾಡಾಣ,” ಎಂದ ಸಾವಿತ್ರಿಬಾಯಿ ಕೀಲಿಮಣೆಯನ್ನೇ ತಮ್ಮ ಕಡೆಗೆ ಎಳೆದುಕೊಂಡರು. ಅವರಿಗೆ ಸಿನಿಮಾ ಹಾಡುಗಳ ಒಂದು ಪುಟದ ವಿಳಾಸ ಬಾಯಿಪಾಠವಾಗಿತ್ತು. ಒತ್ತಿದರು. ಬೆರಳು ಎತ್ತುವ ಮೊದಲೇ ಟಣ್ ಎಂದು ಸದ್ದಾಗಿ ಪರದೆಯ ಮೇಲೆ ಒಂದೇ ಸಾಲು: ಸಂಪರ್ಕ ನಿರಾಕರಿಸಲಾಗಿದೆ.

ಗುಡ್ಡಪ್ಪನವರು ಮೇಜು ಗುದ್ದಿದರು. “ನೋಡು! ಇಲ್ಲ ಅನ್ನೋದಾದ್ರೆ ಹಿಂಗೆ ಮುಖಕ್ಕೆ ಹೊಡ್ದಂಗೆ ಹೇಳ್ತೈತೆ. ಸಿನಿಮಾದೋರು ಅರೆಗಳಿಗೆ ತಗಳ್ಳಿಲ್ಲ. ನಿನ್ನ ಬ್ಯಾಂಕು? ಎರಡು ನಿಮಿಷ ಕೂಡ್ಸಿ, ಯೋಚ್ನೆ ಮಾಡಿ, ಮತ್ತೆ ಬನ್ನಿ ಅಂತು. ಒಳಗೆ ನಿನ್ನ ಹೆಸರಿನ ಮ್ಯಾಲೆ ಏನೋ ನಡೀತಾ ಐತೆ. ಮೌನ ಅಂದ್ರೆ ಒಪ್ಗೆ. ತೀರ್ಪಾತು!”

ರೇಣುಕಾಪ್ರಸಾದ ಮತ್ತೆ ಒತ್ತಿದ. ಭೂಗೋಳ ಎರಡು ನಿಮಿಷ ತಿರುಗಿತು. ದಯವಿಟ್ಟು ಮತ್ತೆ ಪ್ರಯತ್ನಿಸಿ. ಮತ್ತೆ ಒತ್ತಿದ, ಮತ್ತೆ ದಯವಿಟ್ಟು. ಹನ್ನೊಂದೂವರೆಯ ಹೊತ್ತಿಗೆ ಬ್ಯಾಂಕು ಅವನನ್ನು ನಲವತ್ತೊಂದು ಸಲ ದಯವಿಟ್ಟು ಎಂದು ಕರೆದಿತ್ತು. ಅವನ ಮದುವೆಗೆ ಮಾವನ ಮನೆಯವರು ಕೂಡ ಇಷ್ಟು ಉಪಚಾರ ಮಾಡಿರಲಿಲ್ಲ. ಎದುರಿನ ಟೈಲರ್ ಅಂಗಡಿಯವರು, ಗೊಬ್ಬರದಂಗಡಿಯವರು, ಹಾವೇರಿಗೆ ಹೋಗಬೇಕಾಗಿದ್ದ ಬಸ್ಸಿನ ಅರ್ಧ ಪ್ರಯಾಣಿಕರು, ಆ ಬಸ್ಸಿನ ಡ್ರೈವರು, ಎಲ್ಲರೂ ಬಂದು ಭೂಗೋಳ ತಿರುಗುವುದನ್ನು ಕಣ್ತುಂಬಿಕೊಂಡರು. ಯಾರೋ ಒಬ್ಬರು ಊದಿನಕಡ್ಡಿ ಹಚ್ಚಿದರು.

ಕ್ರಮಸಂಖ್ಯೆ ಇಲ್ಲದೆಯೇ ಕೇಳೋಣವೆಂದು ಗೆರೆ ಬಿಡಿಸಿ ಬ್ಯಾಂಕಿಗೆ ಫೋನ್ ಮಾಡಿದರೆ, ಈ ಮಾರ್ಗದ ಎಲ್ಲ ಲೈನುಗಳೂ ಕಾರ್ಯನಿರತವಾಗಿವೆ ಎಂದು ಹೆಣ್ಣುಮಗಳೊಬ್ಬಳು ಮೂರು ಭಾಷೆಯಲ್ಲಿ ಹೇಳಿದಳು.

“ನೋಡ್ದ್ಯಾ, ಎಷ್ಟು ಬ್ಯುಸಿ ಅದಾರೆ. ನಿನ್ನ ಕುರ್ಚಿ ಒರೆಸ್ತಾ ಇರ್ಬೇಕು,” ಎಂದರು ಗುಡ್ಡಪ್ಪ. “ಈಗ ಮೊದಲ್ನೇ ಕೆಲಸ ಏನು? ಇಲ್ಲಿಗೆ ರಾಜೀನಾಮೆ. ಎರಡು ದೋಣಿ ಮ್ಯಾಲೆ ಕಾಲಿಟ್ಟೋನ್ನ ಬ್ಯಾಂಕಿನೋರು ತಗಳ್ಳಲ್ಲ.”

“ಪಟ್ಟಿ ನೋಡಿದ್ ಮೇಲೆ ಕೊಟ್ರಾಗಲ್ವಾ?”

“ಹೆದ್ರುಪುಕ್ಲ! ನಲವತ್ತೊಂದು ಸಲ ಕರ್ದಿದಾರೆ. ಇನ್ನೇನು ಡೊಳ್ಳು ಹೊಡಸ್ಬೇಕಾ? ಬರ್ಕೊ, ನಾನ್ ಹೇಳ್ತೀನಿ.”

ಗುಡ್ಡಪ್ಪನವರು ಕೋರ್ಟಿನ ಭಾಷೆಯಲ್ಲಿ ಹೇಳುತ್ತಾ ಹೋದರು. ರೇಣುಕಾಪ್ರಸಾದ ಬರೆಯುತ್ತಾ ಹೋದ. ಬರೆಯುತ್ತಾ ಬರೆಯುತ್ತಾ ಒಂಬತ್ತು ವರ್ಷದ ಘಾಟು ಮೂಗಿಗೇರಿ, ಕೊನೆಯ ಸಾಲನ್ನು ತಾನೇ ಸೇರಿಸಿದ: ‘ತಮ್ಮಂಥ ಮಾಲೀಕರ ಕೈಕೆಳಗೆ ದುಡಿಯುವುದಕ್ಕಿಂತ ಗುಡವಿ ಕೆರೆಯಲ್ಲಿ ಒಂಟಿಕಾಲಿನ ಕೊಕ್ಕರೆಯಾಗಿರುವುದು ಲೇಸು, ಅದಕ್ಕೆ ವರ್ಷಕ್ಕೊಮ್ಮೆಯಾದರೂ ಮೀನು ಸಿಗುತ್ತದೆ.’

ಬರೆದ ಮೇಲೆ ಅವನಿಗೇ ಅತಿಯಾಯಿತೆನಿಸಿತು. ಆ ಸಾಲು ಹೊಡೆದುಹಾಕೋಣವೆಂದು ಪೆನ್ನು ಎತ್ತಿದ. ನೋಡಿದರೆ ಮೇಜಿನ ಮೇಲೆ ಕಾಗದವೇ ಇಲ್ಲ. ಮೂಲೆಯಲ್ಲಿ ಫ್ಯಾಕ್ಸ್ ಯಂತ್ರ ಅದನ್ನು ಹಲಸಿನ ಎಲೆ ತಿನ್ನುವ ಆಡಿನ ಹಾಗೆ ಒಳಗೆಳೆದುಕೊಳ್ಳುತ್ತಿತ್ತು. ಪಕ್ಕದಲ್ಲಿ ಸಾವಿತ್ರಿಬಾಯಿ ನಗುತ್ತಾ ನಿಂತಿದ್ದರು.

“ಹೋತ್ರೀ! ಒಂದೇ ಸಲಕ್ಕೆ ಹೋತು. ಒಳ್ಳೇ ಶಕುನ.”

ಫ್ಯಾಕ್ಸು ಹೋಯಿತು, ಪಟ್ಟಿ ಬರಲಿಲ್ಲ. ಹನ್ನೆರಡು ದಾಟಿತು. ಕ್ರಮಸಂಖ್ಯೆ ಸಿಗದೆ ಒಪ್ಪಿಗೆ ತಿಳಿಸುವಂತಿಲ್ಲ. ಕೊನೆಗೆ ರೇಣುಕಾಪ್ರಸಾದನಿಗೆ ಸೊರಬದ ಕಂಪ್ಯೂಟರ್ ನೋಡಿಕೊಳ್ಳುವ ಲೋಕೇಶ ನೆನಪಾದ. ದಾವಣಗೆರೆಯಲ್ಲಿ ಆರು ತಿಂಗಳು ಕೋರ್ಸ್ ಮಾಡಿ ಬಂದವನು. ಇಡೀ ಸೊರಬ ತಾಲ್ಲೂಕಿನಲ್ಲಿ ಮೌಸನ್ನು ಕಾಲಿನಿಂದ ಒತ್ತಬಾರದೆಂದು ಮೊದಲು ಕಂಡುಹಿಡಿದವನು. ರೇಣುಕಾಪ್ರಸಾದ ಇಂಟರ್‌ನೆಟ್ಟಿನ ಗೆರೆ ಬಿಡಿಸಿ, ಅದೇ ಫೋನಿನಲ್ಲಿ ಅವನನ್ನು ಹಿಡಿದ.

“ಆ ಬ್ಯಾಂಕಿನ ಪುಟವಾ?” ಲೋಕೇಶ ತಣ್ಣಗೆ ಹೇಳಿದ. “ಅದು ಬರೋದಿಲ್ಲ ಮಾರಾಯ. ಹೋದ ತಿಂಗಳೇ ಯಜಮಾನ್ರು ಬಂದ್ ಮಾಡ್ಸಿದಾರೆ. ಇಲ್ಲಿ ಫೈರ್‌ವಾಲ್ ಕೂರ್ಸಿದೀನಲ್ಲ.”

“ಏನದು?”

“ಗೋಡೆ ಕಣೋ. ಕಂಪ್ಯೂಟರಿನೊಳಗಿನ ಗೋಡೆ. ಎಲ್ಲಿಗೆ ಹೋಗ್ಬಹುದು, ಎಲ್ಲಿಗೆ ಹೋಗ್ಬಾರದು ಅಂತ ಅದು ನೋಡ್ಕೊಳ್ತದೆ.”

“ಹಂಗಾದ್ರೆ ಸಿನಿಮಾದ್ದು ಮಾತ್ರ ಇಲ್ಲ ಅಂತ ಥಟ್ಟಂತ ಹೇಳ್ತು, ಇದ್ಯಾಕೆ ಬೆಳಿಗ್ಗೆಯಿಂದ ಭೂಗೋಳ ತಿರುಗ್ಸಿ ತಿರುಗ್ಸಿ ಮತ್ತೆ ಬನ್ನಿ ಅಂತೈತೆ?”

“ಗೋಡೆಗೆ ಎರಡು ನಮೂನೆ ಇದೆ. ಒಂದು, ಬಂದವನಿಗೆ ಇಲ್ಲ, ಹೋಗು ಅಂತ ಬಾಯಿಬಿಟ್ಟು ಹೇಳೋದು. ಬ್ರೌಸರಿಗೆ ತಕ್ಷಣ ಗೊತ್ತಾಗ್ತದೆ, ಕೈಬಿಡ್ತದೆ. ಇನ್ನೊಂದು, ಕೇಳಿಸ್ಲೇ ಇಲ್ಲ ಅನ್ನೋ ಹಾಂಗೆ ಗಪ್‌ಚುಪ್ ಕೂರೋದು. ಆಗ ಪಾಪ ಬ್ರೌಸರಿಗೆ ಗೋಡೆ ಇದೆ ಅಂತಾನೇ ಗೊತ್ತಾಗೋದಿಲ್ಲ. ಕೂಗ್ತದೆ, ಕಾಯ್ತದೆ, ಮತ್ತೆ ಕೂಗ್ತದೆ. ಸುಸ್ತಾದ ಮೇಲೆ ಆ ಕಡೆಯವರೇ ಕೆಟ್ಟಿರಬೇಕು ಅಂತ ಅಂದಾಜು ಹೊಡೆದು ಹೇಳ್ತದೆ. ಆ ದಯವಿಟ್ಟು ಬ್ಯಾಂಕಿನವರದ್ದಲ್ಲ ಮಾರಾಯ, ನಿನ್ನ ಬ್ರೌಸರಿಂದೇ. ಬ್ಯಾಂಕಿನ ತನಕ ನಿನ್ನ ಕೂಗು ಹೋಗೇ ಇಲ್ಲ.”

ರೇಣುಕಾಪ್ರಸಾದನ ಕಿವಿಯಲ್ಲಿ ಮೋಡೆಮ್ಮು ಕೂಗಿತು.

“ಸಿನಿಮಾದ್ದು ನಾನು ಮೊದಲ್ನೇ ದಿನ ಹಾಕಿದ್ದು, ಇಲ್ಲ ಅನ್ನೋ ನಮೂನೆದು,” ಲೋಕೇಶ ಮುಂದುವರಿಸಿದ. “ಅದನ್ನ ಯಜಮಾನ್ರು ನೋಡಿ ನಡುಗಿಹೋದ್ರು. ಏನೋ ಇದು, ನಮ್ಮನೆ ಯಂತ್ರ ಇಲ್ಲ ಅಂತದಲ್ಲ, ಅಪಶಕುನ, ಮುಂದೆ ಹಾಕೋದಕ್ಕೆಲ್ಲ ಸುಮ್ನೆ ಇರೋ ನಮೂನೆನೇ ಹಾಕು ಅಂದ್ರು.”

ಈ ಮಾತಿನಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇರಲಿಲ್ಲ. ಮಾಲೀಕ ವೀರಬಸಪ್ಪನವರದು ನಾಲ್ಕು ತಲೆಮಾರಿನ ವ್ಯಾಪಾರದ ಮನೆ. ಅಂಗಡಿಯಲ್ಲಿ ಕುಳಿತು ‘ಇಲ್ಲ’ ಎಂದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ ಎಂಬುದು ಆ ಮನೆಯ ನಂಬಿಕೆ. ಉಪ್ಪು ತೀರಿದರೆ ‘ಉಪ್ಪು ಹೆಚ್ಚಾಗಿದೆ’ ಎನ್ನಬೇಕು, ದೀಪ ಆರಿದರೆ ‘ದೊಡ್ಡದಾಯಿತು’ ಎನ್ನಬೇಕು. ಎಲ್ಲ ವ್ಯಾಪಾರಸ್ಥರ ಮನೆಯಲ್ಲೂ ಇರುವ ಪದ್ಧತಿಯೇ. ಆದರೆ ವೀರಬಸಪ್ಪನವರು ಅದನ್ನು ತಪಸ್ಸಿನ ಮಟ್ಟಕ್ಕೆ ಏರಿಸಿದ್ದರು. ಅರವತ್ತೆರಡು ವರ್ಷದಲ್ಲಿ ಯಾರಿಗೂ, ಯಾತಕ್ಕೂ ಇಲ್ಲ ಎಂದವರಲ್ಲ. ಹಾಗೆಂದು ಯಾರಿಗೂ ಏನನ್ನೂ ಕೊಟ್ಟವರೂ ಅಲ್ಲ.

“ಲೋಕೇಶಾ, ನಿನ್ನ ಕಾಲಿಗೆ ಬೀಳ್ತೀನಿ, ಐದೇ ನಿಮಿಷ ಆ ಗೋಡೆ ತೆಗಿ!”

“ಯಜಮಾನ್ರ ಮಾತಿಲ್ದೆ ಮುಟ್ಟಂಗಿಲ್ಲ. ನೀನೇ ಬಂದು ಕೇಳು. ಅಂದ ಹಾಗೆ, ನಿನ್ನ ಫ್ಯಾಕ್ಸು ಅವ್ರ ಮೇಜಿನ ಮೇಲೆ ಇಟ್ಟಿದೀನಿ. ಆ ಕೊಕ್ಕರೆ ಸಾಲು ನನಗೆ ಬಹಳ ಹಿಡಿಸ್ತು.”

ಗುಡ್ಡಪ್ಪನವರಿಗೆ ವಿಷಯ ತಿಳಿಸಿದಾಗ ಅವರು ಒಂದು ಕ್ಷಣವೂ ಅಳುಕಲಿಲ್ಲ. “ತೀರ್ಪು ಸರಿಯಾಗೇ ಇತ್ತು, ಸಾಕ್ಷಿ ಸುಳ್ಳು ಹೇಳ್ತು,” ಎಂದು ಪೇಪರ್ ಮಡಿಸಿ ಊಟಕ್ಕೆ ಹೊರಟರು.

ಶಿಕಾರಿಪುರದಿಂದ ಸೊರಬಕ್ಕೆ ಹೊರಟ ಬಸ್ಸು ಆ ದಿನ ನಡೆದು ಹೋಗುವವರಿಗೆ ದಾರಿ ಬಿಟ್ಟುಕೊಡುತ್ತಿತ್ತು. ಶಿರಾಳಕೊಪ್ಪದಲ್ಲಿ ಡ್ರೈವರು ಇಳಿದು ಊಟ ಮಾಡಿದ, ಕಂಡಕ್ಟರು ಇಳಿದು ಕ್ಷೌರ ಮಾಡಿಸಿಕೊಂಡ, ಬಸ್ಸು ತಾನೂ ಏನಾದರೂ ಮಾಡಿಸಿಕೊಳ್ಳಬೇಕೆಂದು ಪಂಕ್ಚರ್ ಮಾಡಿಸಿಕೊಂಡಿತು. ರೇಣುಕಾಪ್ರಸಾದ ಸೊರಬದಲ್ಲಿ ಇಳಿದಾಗ ಮೂರೂಮುಕ್ಕಾಲು.

ಹೆಡ್ಡಾಫೀಸಿನ ಪಡಸಾಲೆಯಲ್ಲಿ ಹನ್ನೆರಡು ಕುರ್ಚಿ, ಹನ್ನೆರಡರಲ್ಲೂ ಜನ. ಎಲ್ಲರ ಕೈಯಲ್ಲೂ ಕಾಫಿ ಲೋಟ. ಎಲ್ಲರೂ ಉತ್ತರಕ್ಕೆ ಕಾದವರೇ. ಕುಬಟೂರಿನ ಒಬ್ಬರು ಶುಂಠಿಯ ದರ ಕೇಳಲು ಬಂದು ಎರಡು ಫಸಲು ಕಳೆದಿದ್ದವು. ಕುಪ್ಪಗಡ್ಡೆಯ ಇನ್ನೊಬ್ಬರು ತಮ್ಮನ ಕೆಲಸಕ್ಕೆಂದು ಬಂದಾಗ ತಮ್ಮ ಮದುವೆಯಾಗದ ಹುಡುಗ. ಈಗ ಆ ತಮ್ಮನ ಮಗಳಿಗೆ ಕೆಲಸ ಕೇಳಿದರೆ ಹೇಗೆ ಎಂದು ಯೋಚಿಸುತ್ತಿದ್ದರು. ಯಾರಿಗೂ ಬೇಸರವಿರಲಿಲ್ಲ. ಇಲ್ಲ ಎಂದವರೇ ಇಲ್ಲದ ಮೇಲೆ ಬೇಸರ ಯಾತಕ್ಕೆ?

ವೀರಬಸಪ್ಪನವರು ಒಳಕೋಣೆಯಲ್ಲಿ ದಿಂಬಿಗೊರಗಿ ಕುಳಿತಿದ್ದರು. ಹಣೆಯ ತುಂಬ ವಿಭೂತಿ, ಮುಖದ ತುಂಬ ವಾತ್ಸಲ್ಯ. ಮುಂದಿನ ಮೇಜಿನ ಮೇಲೆ ಕೊಕ್ಕರೆಯ ಫ್ಯಾಕ್ಸು.

“ಬಾರಪ್ಪ ರೇಣುಕಾ, ಕೂರು. ಬಿಸಿಲಲ್ಲಿ ಬಂದೆ. ಮನೇಲಿ ಎಲ್ಲಾ ಆರಾಮಾ? ಕಾಫಿ ತಗೊ.”

“ಸಾರ್, ಬ್ಯಾಂಕಿನ ಪುಟ ಒಂದೈದು ನಿಮಿಷ ಬಿಡ್ಸಿಕೊಡ್ರಿ. ಐದು ಗಂಟೆಯೊಳಗೆ ನಂಬರ್ ಹೇಳ್ಬೇಕು. ನನ್ನ ಜೀವನದ ಪ್ರಶ್ನೆ.”

“ಕಾಫಿ ಆರ್ತದೆ.”

“ಕುಡೀತೀನಿ ಸಾರ್. ಆಗ್ತೈತೋ ಇಲ್ವೋ ಹೇಳ್ರಿ.”

“ನಿಮ್ಮ ತಾಯಿ ಮಂಡಿನೋವು ಹ್ಯಾಂಗಿದೆ?”

“ಸಾರ್, ಹೂಂ ಅನ್ರಿ, ಇಲ್ಲ ಊಹೂಂ ಅನ್ರಿ!”

ವೀರಬಸಪ್ಪನವರು ಕಿಟಕಿಯ ಆಚೆ ನೋಡಿದರು. ಅಲ್ಲಿ ಒಂದು ತೆಂಗಿನಮರವಿತ್ತು. ಅದನ್ನು ಅವರು ಹಿಂದೆಂದೂ ಕಂಡಿಲ್ಲವೆಂಬಂತೆ ಬುಡದಿಂದ ತುದಿಯವರೆಗೆ ನೋಡಿದರು, ತುದಿಯಿಂದ ಬುಡದವರೆಗೆ ನೋಡಿದರು. ಗೋಡೆಯ ಗಡಿಯಾರ ನಾಲ್ಕು ಹೊಡೆಯಿತು, ನಾಲ್ಕೂಕಾಲಾಯಿತು. ರೇಣುಕಾಪ್ರಸಾದ ಕೇಳುತ್ತಿದ್ದ, ಕಾಯುತ್ತಿದ್ದ, ಮತ್ತೆ ಕೇಳುತ್ತಿದ್ದ. ಬಾಗಿಲ ಬಳಿ ನಿಂತಿದ್ದ ಲೋಕೇಶ ಕೊನೆಗೆ ತಡೆಯಲಾರದೆ ಒಳಗೆ ಬಂದ.

“ಯಜಮಾನ್ರೇ, ಒಂದು ಮಾತು. ಇವತ್ತು ಬೆಳಿಗ್ಗೆ ಶಿಕಾರಿಪುರದ ಫೋನ್ ಗೆರೆ ಒಟ್ಟು ಎಷ್ಟು ಹೊತ್ತು ಎತ್ತಿಟ್ಟಿತ್ತು ಗೊತ್ತಾ? ಮೂರು ಗಂಟೆ. ನಮ್ಮ ಗೋಡೆ ಸುಮ್ನೆ ಕೂತಿದ್ದಕ್ಕೆ ಆ ಬ್ರೌಸರು ಕಾಯ್ತಾ, ಕೂಗ್ತಾ ಇತ್ತು. ಅಷ್ಟಕ್ಕೂ ಟ್ರಂಕ್‌ಕಾಲ್ ಬಿಲ್ಲು ನಮ್ಮ ತಲೆಗೇ.”

ವೀರಬಸಪ್ಪನವರು ತೆಂಗಿನಮರದಿಂದ ಇಳಿದು ಬಂದರು. “ಮೂರು ಗಂಟೆ? ಅದೇ ಇಲ್ಲ... ಆ ಇನ್ನೊಂದು ನಮೂನೆ ಹಾಕಿದ್ರೆ?”

“ಒಂದು ಸೆಕೆಂಡು. ಟಣ್ ಅಂತದೆ, ಫೋನ್ ಇಟ್ಟು ಅವನು ಅವನ ಕೆಲಸ ನೋಡ್ಕೊಳ್ತಾನೆ.”

“ಒಂದೇ ಸೆಕೆಂಡು...” ವೀರಬಸಪ್ಪನವರ ಹಣೆಯ ವಿಭೂತಿ ನೆರಿಗೆಯಾಯಿತು. ಸುಮ್ಮನಿರುವುದಕ್ಕೂ ಖರ್ಚು ಬರುತ್ತದೆಂಬ ವಿಚಾರ ನಾಲ್ಕು ತಲೆಮಾರಿನಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ.

“ಈಗ ಇವನಿಗೆ ಆ ಪುಟ ಬಿಡ್ಲಾ?” ಎಂದು ಲೋಕೇಶ ಕೇಳಿದ. ಯಜಮಾನರು ಸೆಕೆಂಡಿನ ಯೋಚನೆಯಲ್ಲಿ ಮುಳುಗಿದ್ದರು. “ಬೇಡ ಅನ್ಲಿಲ್ಲ, ಬಾರೋ!” ಎಂದು ಲೋಕೇಶ ರೇಣುಕಾಪ್ರಸಾದನ ರಟ್ಟೆ ಹಿಡಿದು ಕಂಪ್ಯೂಟರಿನ ಮುಂದೆ ಕೂರಿಸಿದ. ಹನ್ನೆರಡು ಕುರ್ಚಿಯವರೂ ಲೋಟ ಸಮೇತ ಹಿಂದೆ ಬಂದರು. ಲೋಕೇಶ ನಾಲ್ಕು ಗುಂಡಿ ಒತ್ತಿ ಗೋಡೆಯಲ್ಲೊಂದು ಕಿಂಡಿ ತೆಗೆದ.

ಭೂಗೋಳ ಮೂರೇ ಸುತ್ತು ತಿರುಗಿತು. ಪುಟ ಮೇಲಿನಿಂದ ಕೆಳಕ್ಕೆ, ಪಂಚೆ ಇಳಿಬಿಟ್ಟಂತೆ, ಇಷ್ಟಿಷ್ಟೇ ಇಳಿಯಿತು. ಮೊದಲು ಬ್ಯಾಂಕಿನ ಲಾಂಛನ. ಆಮೇಲೆ ಹೆಸರುಗಳು. ಒಂದು, ಎರಡು, ಮೂರು...

“ಏಳು! ಏಳನೇದು! ರೇಣುಕಾಪ್ರಸಾದ್, ಶಿಕಾರಿಪುರ!” ಲೋಕೇಶ ಕುಣಿದ. ಕುಬಟೂರಿನವರು ಕಾಫಿ ಚೆಲ್ಲಿದರು. ಕುಪ್ಪಗಡ್ಡೆಯವರು, ಈ ಕಟ್ಟಡದಲ್ಲಿ ಒಬ್ಬನಿಗಾದರೂ ಉತ್ತರ ಸಿಕ್ಕಿದ್ದು ನೋಡಿ ಕಣ್ಣೊರೆಸಿಕೊಂಡರು. ಗಂಟೆ ನಾಲ್ಕೂನಲವತ್ತು. ರೇಣುಕಾಪ್ರಸಾದ ಗಾಳಿಯಲ್ಲಿ ಎರಡಡಿ ಮೇಲಿದ್ದ, ಅಳೆದವರಿದ್ದಾರೆ. ಅಲ್ಲಿಂದಲೇ ಫೋನಿಗೆ ಕೈ ಹಾಕಿದ.

“ತಡಿ,” ಎಂದ ಲೋಕೇಶ. “ನಿನ್ನ ಹೆಸರಿನ ಎದುರಿಗೆ ಇನ್ನೂ ಏನೋ ಇಳೀತಾ ಇದೆ.”

ಪಂಚೆಯ ಕೊನೆಯ ಅಂಚು ಇಳಿಯಿತು. ಲೋಕೇಶ ಓದುತ್ತಾ ಹೋದ ಹಾಗೆ ಅವನ ದನಿಯೂ ಇಳಿಯಿತು: “ಹಾಲಿ ಮಾಲೀಕರ ಅಭಿಪ್ರಾಯ ಕೋರಿ ಮೂರು ಪತ್ರ ಬರೆಯಲಾಗಿದೆ. ಮಾಲೀಕರು ಅಸಮ್ಮತಿ ತಿಳಿಸಿದ್ದರೂ ಅಭ್ಯರ್ಥಿಯನ್ನು ಪರಿಗಣಿಸಲಾಗುತ್ತಿತ್ತು. ಯಾವ ಉತ್ತರವೂ ಬಾರದಿದ್ದುದರಿಂದ ಆಯ್ಕೆ ರದ್ದುಪಡಿಸಿದೆ.”

ರೇಣುಕಾಪ್ರಸಾದ ಎರಡಡಿ ಕೆಳಗಿಳಿದ. ನಿಧಾನವಾಗಿ ತಿರುಗಿದ. ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ವೀರಬಸಪ್ಪನವರು ತೆಂಗಿನಮರ ಹುಡುಕಿದರು. ಈ ಕೋಣೆಗೆ ಕಿಟಕಿಯೇ ಇರಲಿಲ್ಲ.

“ಬಂದಿದ್ವು ಮಾರಾಯ,” ಎಂದರು ಮೆಲ್ಲಗೆ. “ಮೂರೂ ಡ್ರಾಯರಿನಲ್ಲಿ ಭದ್ರವಾಗಿವೆ. ಕಳಿಸ್ತೀನಿ ಅಂತ ಬರೆಯಕೆ ಮನಸ್ಸು ಬರ್ಲಿಲ್ಲ, ಒಳ್ಳೇ ಕೆಲಸಗಾರ ನೀನು. ಕಳ್ಸೋದಿಲ್ಲ ಅಂತ ಬರೆಯಕೆ ಕೈ ಬರ್ಲಿಲ್ಲ. ಸುಮ್ನಿದ್ದೆ. ಆ ಪುಟ ನೋಡಿ ನೀನು ನೊಂದ್ಕೊಳ್ಳೋದು ಬೇಡ ಅಂತ ಗೋಡೆನೂ ಹಾಕ್ಸಿದೆ.”

ಒಂಬತ್ತು ವರ್ಷ ತಲೆಯೆತ್ತದ ರೇಣುಕಾಪ್ರಸಾದ ಅಂದು ಬಾಯಿ ತೆರೆದ. ಆ ಭಾಷಣ ಚಂದ್ರಗುತ್ತಿಯ ಗುಡ್ಡಕ್ಕೆ ಬಡಿದು ವಾಪಸ್ ಬಂದು ಎರಡನೇ ಸಲವೂ ಕೇಳಿಸಿತು.

“ಸುಮ್ನಿದ್ರಂತೆ! ಒಂದು ಮಾತು ಸಾರ್, ಒಂದೇ ಒಂದು ಮಾತು! ಕಳ್ಸಲ್ಲ ಅಂತ ಬರ್ದಿದ್ರೂ ನನ್ಗೆ ಕೆಲ್ಸ ಸಿಗ್ತಿತ್ತು. ಇಲ್ಲ ಅನ್ನೋದು ಪಾಪ ಅಂತ ತಿಳ್ಕಂಡೀರಲ್ಲ, ಇಲ್ಲ ಅಂದ್ರೆ ಮನುಷ್ಯ ಒಂದಿನ ಅತ್ತು ಮಾರನೇ ದಿನ ಬೇರೆ ದಾರಿ ನೋಡ್ಕಂತಾನೆ. ನೀವು ಕಾಫಿ ಕೊಟ್ಟು ಕೊಟ್ಟು ಈ ಹನ್ನೆರಡು ಜನರ ಆಯಸ್ಸು ಕುಡ್ದೀರಿ! ಇಲ್ಲ ಅನ್ನೋದೇ ದೊಡ್ಡ ಉಪಕಾರ ಸಾರ್. ಅದಕ್ಕಿಂತ ದೊಡ್ಡ ದಾನ ಇಲ್ಲ. ಮುಖ ನೋಡಿ ಇಲ್ಲ ಅನ್ರಿ, ನಿಮ್ಗೂ ಹಗುರ, ನಮ್ಗೂ ಹಗುರ!”

ಹನ್ನೆರಡು ಜನ ಹನ್ನೆರಡು ಲೋಟ ಕುಟ್ಟಿ ಚಪ್ಪಾಳೆಯ ಕೊರತೆ ತುಂಬಿದರು. ವೀರಬಸಪ್ಪನವರ ಕಣ್ಣು ಒದ್ದೆಯಾಗಿತ್ತು. ಅರವತ್ತೆರಡು ವರ್ಷದಲ್ಲಿ ಅವರಿಗೆ ಇಷ್ಟು ಬಿಡಿಸಿ ಹೇಳಿದವರು ಯಾರೂ ಇರಲಿಲ್ಲ.

“ಸರಿಯಾಗಿ ಹೇಳ್ದೆ ರೇಣುಕಾ,” ಎಂದರು. “ನನ್ನ ಕಣ್ಣು ತೆರೆಸ್ದೆ. ಮೂರು ಗಂಟೆಯ ಕೆಲಸ ಒಂದು ಸೆಕೆಂಡು ಅಂತ ಇವನಂದ. ಒಂದಿನ ಅತ್ತು ಮುಗೀತದೆ ಅಂತ ನೀನಂದೆ. ಇಷ್ಟು ವರ್ಷ ನಾನು ಕುರುಡನಾಗಿದ್ದೆ.”

ಐದು ಹೊಡೆಯಿತು. ಬ್ಯಾಂಕಿನ ಬಾಗಿಲು ಮುಚ್ಚಿತು. ಆವೇಶ ಇಳಿದ ಮೇಲೆ ರೇಣುಕಾಪ್ರಸಾದನಿಗೆ ಮನೆ ನೆನಪಾಯಿತು, ಮನೆಯ ಬಾಡಿಗೆ ನೆನಪಾಯಿತು, ಎಲ್ಲಕ್ಕಿಂತ ಹೆಚ್ಚಾಗಿ ಕೊಕ್ಕರೆ ನೆನಪಾಯಿತು. ಯಜಮಾನರ ಮುಖ ಎಷ್ಟು ಮೆತ್ತಗಾಗಿತ್ತೆಂದರೆ ಇದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಸಿಗಲಾರದು.

“ಸಾರ್,” ಎಂದ ಕೈಮುಗಿದು, “ಬಾಯಿಗೆ ಬಂದಿದ್ದು ಅಂದ್ಬಿಟ್ಟೆ, ಹೊಟ್ಟೇಲಿ ಹಾಕ್ಕಳ್ರಿ. ಆ ರಾಜೀನಾಮೆ ಹರ್ದಾಕಿ ನಾಳೆಯಿಂದ ಮೊದಲ್ನಂಗೆ ಕೆಲ್ಸಕ್ಕೆ ಬರ್ಲಾ ಸಾರ್?”

ಹನ್ನೆರಡು ಜನವೂ ಲೋಟ ಹಿಡಿದೇ ಹತ್ತಿರ ಸರಿದರು. ವೀರಬಸಪ್ಪನವರು ರೇಣುಕಾಪ್ರಸಾದನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಗಂಟಲು ಸರಿಮಾಡಿಕೊಂಡರು. ಮೊದಲ ಹೆಜ್ಜೆ ಇಡುವ ಕೂಸಿನಂತೆ ತುಟಿ ಎರಡು ಸಲ ತಡವರಿಸಿತು.

“ಇಲ್ಲ,” ಎಂದರು.

ಅಂದವರೇ ಬೆಚ್ಚಿ ಸುತ್ತ ನೋಡಿದರು. ಮಾಡು ಕುಸಿದಿರಲಿಲ್ಲ. ತಿಜೋರಿ ಇದ್ದಲ್ಲೇ ಇತ್ತು. ಅವರ ಮುಖದ ಮೇಲೆ ಹರಡಿದ ನಗು ಕಂಡು ಲೋಕೇಶನೂ ದಂಗಾದ.

“ಆಹಾ, ಎಷ್ಟು ಹಗುರ ಮಾರಾಯ!” ಎಂದು ರೇಣುಕಾಪ್ರಸಾದನ ಬೆನ್ನು ತಟ್ಟಿ, ಹನ್ನೆರಡು ಕುರ್ಚಿಯವರ ಕಡೆಗೆ ತಿರುಗಿ, ತೋಳು ಮಡಿಸಿಕೊಳ್ಳುತ್ತಾ ಕೂಗಿದರು: “ಯಾರಪ್ಪ ಮುಂದಿನವರು? ಬೇಗ ಬನ್ನಿ, ಒಂದೊಂದೇ ಸೆಕೆಂಡು!”